ಮುರಕಲ್ಲಿನ ನೆರಳಲ್ಲಿ ಹೊಳೆಯುವ ಸಯಾಥೋಡಿಯಂ: ಎಲ್ಲಿ ಹುಡುಕಬೇಕು, ಹೇಗೆ ಗುರುತಿಸಬೇಕು

ಮಳೆ ಸರಿಯಾಗಿ ಹಿಡಿದು ಎರಡು ಮೂರು ವಾರ ಆಯಿತೆಂದರೆ ಉಡುಪಿ, ಮಂಗಳೂರು ಕಡೆಯ ಮುರಕಲ್ಲಿನ ಗೋಡೆ ಯಾವುದೂ ಕೆಂಪಗೆ ಉಳಿಯುವುದಿಲ್ಲ. ಪಾಗಾರ, ಬಾವಿಯ ಒಳಮೈ, ತೋಡಿನ ದಂಡೆ, ಗುಡ್ಡೆ ಕಡಿದು ಮಾಡಿದ ರಸ್ತೆಯ ಬದಿ, ಎಲ್ಲವೂ ಹಸಿರು. ನಾವು ಅದಕ್ಕೆಲ್ಲ ಒಟ್ಟಿಗೆ ಪಾಚಿ ಅಂತ ಹೇಳಿ ಮುಂದೆ ಹೋಗುತ್ತೇವೆ. ಹತ್ತಿರ ಹೋಗಿ ನೋಡಿದರೆ ಅದರಲ್ಲಿ ನಿಜವಾದ ಪಾಚಿ ಸ್ವಲ್ಪವೇ. ಮಾಸ್ ಇದೆ, ಜರಿಗಿಡದ ಮರಿಗಳಿವೆ, ಹಾರ್ನ್‌ವರ್ಟ್ ಇದೆ, ಲಿವರ್‌ವರ್ಟ್ ಇದೆ. ಈ ಲೇಖನ ಅವುಗಳಲ್ಲಿ ಒಂದರ ಬಗ್ಗೆ ಮಾತ್ರ. ಹೆಸರು ಸಯಾಥೋಡಿಯಂ. ನೆರಳಲ್ಲಿ, ಸರಿಯಾದ ಕೋನದಿಂದ ನೋಡಿದಾಗ, ಹಳದಿ ಕಲಸಿದ ಹಸಿರಿನಲ್ಲಿ ಹೊಳೆಯುವ ಪುಟ್ಟ ಲಿವರ್‌ವರ್ಟ್ ಇದು.

ಲಿವರ್‌ವರ್ಟ್ ಅಂದರೇನು ಎನ್ನುವವರಿಗೆ ಎರಡು ಮಾತು. ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರಿಲ್ಲ, ನೀರು ಮೇಲಕ್ಕೆ ಸಾಗಿಸುವ ನಾಳಗಳೂ ಇಲ್ಲ. ಬೀಜಕಣದಿಂದ ಹುಟ್ಟುತ್ತದೆ. ಜಗತ್ತಿನಲ್ಲಿ ಇವುಗಳ ಸುಮಾರು 7000 ಜಾತಿಗಳಿವೆ. ಕೆಲವಕ್ಕೆ ಸಣ್ಣ ಸಣ್ಣ ಎಲೆಗಳಿರುತ್ತವೆ. ಇನ್ನು ಕೆಲವು ಎಲೆ, ಕಾಂಡ ಎಂಬ ಭೇದವಿಲ್ಲದೆ ನೆಲಕ್ಕೋ ಕಲ್ಲಿಗೋ ಅಂಟಿಕೊಂಡ ಚಪ್ಪಟೆ ಹಸಿರು ಪಟ್ಟಿಗಳು. ಪುಸ್ತಕದಲ್ಲಿ ಈ ಪಟ್ಟಿಗೆ ಥ್ಯಾಲಸ್ ಅನ್ನುತ್ತಾರೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಮಾರ್ಕಾಂಶಿಯಾ, ರಿಕ್ಸಿಯಾ ಎಂಬ ಹೆಸರುಗಳು ನೆನಪಿರಬಹುದು, ಚಿತ್ರ ಬರೆದದ್ದೂ ನೆನಪಿರಬಹುದು. ಸಯಾಥೋಡಿಯಂ ಕೂಡ ಅದೇ ಬಳಗದ್ದು. ಪಠ್ಯದಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಕಡಿಮೆ, ಅಷ್ಟೆ.

ಈ ಕುಲವನ್ನು 1834ರಲ್ಲಿ ವಿವರಿಸಿದವರು ಜರ್ಮನಿಯ ಸಸ್ಯಶಾಸ್ತ್ರಜ್ಞ ಗುಸ್ತಾವ್ ಕುಂಟ್ಸೆ. ಇದರಲ್ಲಿ ಹತ್ತು ಹನ್ನೆರಡು ಜಾತಿಗಳಿವೆ, ಹೆಚ್ಚಿನವು ಬಿಸಿ ಮತ್ತು ತೇವ ಎರಡೂ ಇರುವ ಊರುಗಳಲ್ಲಿ ಬೆಳೆಯುವಂಥವು. ಸಯಾಥೋಡಿಯಂ ಕ್ಯಾವರ್ನೇರಮ್ ಎಂಬ ಜಾತಿ ಅಮೆರಿಕದ ಉಷ್ಣವಲಯ, ಆಫ್ರಿಕ, ಭಾರತ, ಹೀಗೆ ಭೂಮಿಯ ಸುತ್ತಲೂ ಹರಡಿದೆ. ಆಧುನಿಕ ಭಾರತದಲ್ಲಿ ಲಿವರ್‌ವರ್ಟ್‌ಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಲಾಹೋರಿನ ಶಿವರಾಮ ಕಶ್ಯಪ್ ಅವರು 1914ರಲ್ಲಿ ಪಶ್ಚಿಮ ಹಿಮಾಲಯದಿಂದ ಸಯಾಥೋಡಿಯಂ ಟ್ಯೂಬರೋಸಮ್ ಎಂಬ ಇನ್ನೊಂದು ಜಾತಿಯನ್ನು ವಿವರಿಸಿದರು. ಪಟ್ಟಿಯ ತುದಿಯಲ್ಲಿ ಪುಟ್ಟ ಗೆಡ್ಡೆ ಮಾಡಿಕೊಂಡು ಒಣ ಕಾಲ ಕಳೆಯುವ ಜಾತಿ ಅದು.

ಯಾವಾಗ ಹೊರಡಬೇಕು

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಸಯಾಥೋಡಿಯಂನ ಬದುಕೆಲ್ಲ ಈ ನಾಲ್ಕು ತಿಂಗಳ ಸುತ್ತಲೇ. ಮೊದಲ ಮಳೆಗೇ ಓಡಬೇಡಿ. ಆಗ ಕಾಣುವುದು ಬರೀ ಹಸಿರು ಚುಕ್ಕೆಗಳು, ಯಾವುದು ಯಾವುದೆಂದು ಹೇಳಲಿಕ್ಕೆ ಆಗುವುದಿಲ್ಲ. ಆಟಿ ತಿಂಗಳು ಶುರುವಾಗುವ ಹೊತ್ತಿಗೆ, ಅಂದರೆ ಜುಲೈ ನಡುವಿಗೆ, ಪಟ್ಟಿಗಳು ಬಿಚ್ಚಿಕೊಂಡು ಕವಲೊಡೆದಿರುತ್ತವೆ. ಆಕಾರ ನೋಡಲು ಆಟಿ ಒಳ್ಳೆಯದು. ಬೀಜಕಣದ ಕಾಯಿಯನ್ನೂ ನೋಡಬೇಕೆಂದಿದ್ದರೆ ಸೋಣ ತಿಂಗಳಿನಲ್ಲಿ, ಅಂದರೆ ಆಗಸ್ಟ್ ನಡುವಿನ ಮೇಲೆ, ಇನ್ನೊಮ್ಮೆ ಹೋಗಿ. ಒಂದೇ ಗೋಡೆಯನ್ನು ಎರಡು ಸಲ ನೋಡಿದರೆ ಸಿಗುವಷ್ಟು, ಎರಡು ಬೇರೆ ಗೋಡೆಗಳನ್ನು ಒಂದೊಂದು ಸಲ ನೋಡಿದರೆ ಸಿಗುವುದಿಲ್ಲ.

ಹೊತ್ತು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಆದರೆ ಸಾಕು. ಮೋಡ ಇದ್ದರೂ ತೊಂದರೆ ಇಲ್ಲ. ಬೆಳಕು ಬೇಕು, ಬಿಸಿಲು ಬೇಕಿಲ್ಲ.

ಎಲ್ಲಿ ನೋಡಬೇಕು

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ. ಜಾಗ ಸರಿಯಾಗಿ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಕಲ್ಲು. ನಮ್ಮ ಮುರಕಲ್ಲು, ಕೆಲವರು ಕೆಂಪುಕಲ್ಲು ಅನ್ನುತ್ತಾರೆ, ಮೈತುಂಬ ತೂತು ಇರುವ ಕಲ್ಲು. ನೆಲದೊಳಗೆ ಇರುವಾಗ ಮೆದು. ಕಡಿದು ಗಾಳಿಗೆ ಇಟ್ಟರೆ ಗಟ್ಟಿ. ಕೆನರಾ ಜಿಲ್ಲೆ, ಮಲಬಾರು ಕಡೆ ತಿರುಗಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಗುಣ ನೋಡಿಯೇ 1807ರಲ್ಲಿ ಇದಕ್ಕೆ ಲ್ಯಾಟರೈಟ್, ಅಂದರೆ ಇಟ್ಟಿಗೆಯಂಥ ಕಲ್ಲು, ಎಂದು ಹೆಸರು ಕೊಟ್ಟದ್ದು. ನಮಗೆ ಇಲ್ಲಿ ಮುಖ್ಯವಾದದ್ದು ಆ ತೂತುಗಳು. ಮಳೆ ನಿಂತು ದಿನಗಳಾದರೂ ಅವುಗಳೊಳಗೆ ತೇವ ಉಳಿದಿರುತ್ತದೆ. ತೂತಿನ ಬಾಯಿಯಲ್ಲಿ ಒಂದಿಷ್ಟು ಕೆಂಪು ಮಣ್ಣು ಕೂತಿರುತ್ತದೆ. ಲಿವರ್‌ವರ್ಟಿಗೆ ಅಷ್ಟು ಮಣ್ಣು ಧಾರಾಳ ಸಾಕು.

ಮುರಕಲ್ಲು ಇದ್ದಲ್ಲೆಲ್ಲ ಸಯಾಥೋಡಿಯಂ ಇರುವುದಿಲ್ಲ. ಅದಕ್ಕೆ ಮೂರು ಸಂಗತಿ ಒಟ್ಟಿಗೆ ಬೇಕು. ಇಡೀ ದಿನ ನೆರಳು. ಬಿಡದ ತೇವ. ಮಳೆಯ ಹನಿ ನೇರ ಮೈಮೇಲೆ ಬೀಳದಂಥ ಮರೆ. ಈ ಮೂರನೆಯದನ್ನು ಜನ ಮರೆಯುತ್ತಾರೆ. ಗಿಡ ತೀರಾ ತೆಳ್ಳಗೆ. ಆಟಿಯ ಮಳೆಯ ದಪ್ಪ ಹನಿಗಳು ದಿನವಿಡೀ ಬಡಿಯುವ ಜಾಗದಲ್ಲಿ ಅದು ಉಳಿಯುವುದು ಕಷ್ಟ. ಆದ್ದರಿಂದ ಪಾಗಾರದ ಮೇಲ್ಮೈಯನ್ನು ಬಿಟ್ಟುಬಿಡಿ, ಅದು ಮಾಸ್‌ನ ಜಾಗ. ಕಣ್ಣನ್ನು ಕೆಳಗೆ, ಒಳಗೆ ಇಳಿಸಿ.

ನಾನಾದರೆ ಈ ಕ್ರಮದಲ್ಲಿ ಹುಡುಕುತ್ತೇನೆ. ಮೊದಲು ಹಳೆಯ ಬಾವಿ. ಸಿಮೆಂಟ್ ರಿಂಗಿನ ಬಾವಿ ಅಲ್ಲ, ಮುರ ಕಡಿದು ಮಾಡಿದ ಬಾವಿ. ಕಟ್ಟೆಯ ಕೆಳಗೆ ಮೊದಲ ಮೂರು ನಾಲ್ಕು ಅಡಿಯಲ್ಲಿ ನೆರಳು, ತೇವ, ಮರೆ ಮೂರೂ ಇರುತ್ತವೆ. ಆಮೇಲೆ ಎರಡು ಮನೆಗಳ ಪಾಗಾರದ ನಡುವೆ ತಗ್ಗಿನಲ್ಲಿ ಹೋಗುವ ಹಳೆಯ ಓಣಿಗಳು. ಅವುಗಳ ಬದಿಯಲ್ಲಿ ಮಣ್ಣು ಸವೆದು, ಮೇಲಿನ ಬೇರು ಹುಲ್ಲು ಮಾಡಿನ ಹಾಗೆ ಮುಂದೆ ಚಾಚಿ, ಕೆಳಗೆ ಸಣ್ಣ ಪೊಟರೆಗಳಾಗಿರುತ್ತವೆ. ಆ ಪೊಟರೆಗಳಲ್ಲಿ ನೋಡಿ. ನಂತರ ಅಡಿಕೆ ತೋಟದ ತೋಡಿನ ದಂಡೆ, ತೋಡಿಗೆ ಹಾಕಿದ ಸಂಕದ ಅಡಿ, ಕೆರೆಗೆ ಇಳಿಯುವ ಮೆಟ್ಟಿಲುಗಳ ಸಂದು, ಗಾರೆ ಉದುರಿದ ಹಳೆಯ ಗೋಡೆಯಲ್ಲಿ ಕಲ್ಲು ಕಲ್ಲಿನ ನಡುವಿನ ಸೀಳು. ಬಂಟ್ವಾಳ, ಪುತ್ತೂರು ಕಡೆಯವರಿಗೆ ಇನ್ನೊಂದು ಭಾಗ್ಯ ಇದೆ. ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಗಳ ಬಾಯಿ. ಗುಹೆಯ ಬಾಯಿಯಂಥ ಮಬ್ಬು ಬೆಳಕು ಈ ಗಿಡಕ್ಕೆ ಬಹಳ ಹಿತ. ಸುರಂಗದ ಒಳಗೆ ಹೋಗಬೇಕಿಲ್ಲ, ಹೋಗಲೂಬೇಡಿ. ಪೂರ್ತಿ ಕತ್ತಲಲ್ಲಿ ಯಾವ ಹಸಿರು ಗಿಡವೂ ಇರುವುದಿಲ್ಲ. ಹೊರಗಿನ ಬೆಳಕು ಮಸುಕಾಗುವ ಗಡಿಯಲ್ಲಿ ಅದು ನಿಲ್ಲುತ್ತದೆ.

ಮಲ್ಪೆ, ಪಣಂಬೂರು ಕಡೆ ಕಡಲಿಗೆ ತಾಗಿದ ಮರಳಿನ ಜಾಗಗಳಲ್ಲಿ ಹುಡುಕಿ ಸಮಯ ಕಳೆಯುವುದು ಬೇಡ. ಬಿಸಿಲು, ಉಪ್ಪುಗಾಳಿ, ಬೇಗ ಇಂಗುವ ನೀರು, ಮೂರೂ ಇದಕ್ಕೆ ಆಗಿಬರುವುದಿಲ್ಲ. ಅಲ್ಲಿಂದ ಒಳಗೆ, ಮಣಿಪಾಲದ ಇಳಿಜಾರು, ಕಾರ್ಕಳ, ಮೂಡುಬಿದಿರೆ, ಹೆಬ್ರಿ ಕಡೆಯ ತೋಟಗಳು ಒಳ್ಳೆಯ ಜಾಗಗಳು.

ಬೇರೆಯವರ ತೋಟಕ್ಕೆ ಹೋಗುವುದಾದರೆ ಮನೆಯವರಿಗೆ ಹೇಳಿಯೇ ಹೋಗಿ. "ಎಂತ ಮಾರಾಯ್ರೆ, ಇಷ್ಟು ದೂರ ಪಾಚಿ ನೋಡ್ಲಿಕ್ಕೆ ಬಂದದ್ದಾ?" ಅಂತ ಕೇಳುತ್ತಾರೆ. ಲೆನ್ಸ್ ಅವರ ಕೈಗೆ ಕೊಟ್ಟು ತೋರಿಸಿ. ಮುಂದಿನ ಸಲ ಯಾವ ಬಾವಿಯಲ್ಲಿ, ಯಾವ ದರೆಯಲ್ಲಿ ಅಂಥದ್ದಿದೆ ಎಂದು ಅವರೇ ಹೇಳುತ್ತಾರೆ. ತೋಟದ ಮೂಲೆ ಮೂಲೆ ಗೊತ್ತಿರುವುದು ಅವರಿಗೆ ತಾನೇ.

ಜಾಗ್ರತೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಾವಿಯೊಳಗೆ ಬಗ್ಗಬೇಡಿ, ಕಟ್ಟೆಯ ಹೊರಗೇ ನಿಂತು ಟಾರ್ಚ್ ಬಿಟ್ಟು ನೋಡಿ. ಕಲ್ಲಿನ ಪೊಟರೆಗೆ ಕೈ ಹಾಕುವ ಮೊದಲು ಬೆಳಕು ಹಾಕಿ. ಹಾವಿಗೂ ಚೇಳಿಗೂ ಅದೇ ತಂಪು ಇಷ್ಟ. ಎರಡು ಮೂರು ದಿನ ಎಡೆಬಿಡದೆ ಮಳೆ ಹೊಡೆದ ಮೇಲೆ ಕಡಿದ ದರೆಯ ಬುಡದಲ್ಲಿ ನಿಲ್ಲಬೇಡಿ. ಮುರದ ಮೇಲಿನ ಮಣ್ಣು ಹೇಳದೆ ಕೇಳದೆ ಕುಸಿಯುತ್ತದೆ.

ಹೊಳಪನ್ನು ಹಿಡಿಯುವುದು

ಜಾಗ ಸಿಕ್ಕಿತು. ಈಗ ನಿಂತು ನೋಡಿದರೆ ಸಾಲದು, ಕುಕ್ಕುರು ಕೂರಬೇಕು. ಗಿಡದ ಮಟ್ಟಕ್ಕೆ ಕಣ್ಣು ತನ್ನಿ. ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬರುವ ಹಾಗೆ ಕುಳಿತು, ತಲೆಯನ್ನು ನಿಧಾನಕ್ಕೆ ಆಚೀಚೆ ಮಾಡಿ. ಒಂದು ಕೋನದಲ್ಲಿ ಮಂಕಾಗಿ ಕಾಣುವ ಹಸಿರು, ಸ್ವಲ್ಪ ಸರಿದರೆ ತಟ್ಟನೆ ಹೊಳೆಯುತ್ತದೆ. ಹಳದಿ ಹಸಿರಿನ ಮೇಲೆ ಲೋಹದ ಮಿನುಗು, ಕೆಲವೊಮ್ಮೆ ನೀಲಿಯ ಛಾಯೆ. ಇನ್ನೂ ಸರಿದರೆ ಮಾಯ. ಅಕ್ಕಪಕ್ಕದ ಮಾಸ್, ಜರಿಗಿಡ ಯಾವುದೂ ಹೀಗೆ ಮಾಡುವುದಿಲ್ಲ. ದೂರದಿಂದಲೇ ಸಯಾಥೋಡಿಯಂ ಇರಬಹುದು ಎಂದು ಅನುಮಾನಿಸಲು ಈ ಹೊಳಪಿನಷ್ಟು ಒಳ್ಳೆಯ ಸುಳಿವು ಇನ್ನೊಂದಿಲ್ಲ.

ಇದು ಮಿಣುಕುಹುಳದ ಬೆಳಕಿನಂಥದ್ದಲ್ಲ. ಗಿಡ ಬೆಳಕನ್ನು ಹುಟ್ಟಿಸುವುದಿಲ್ಲ. ಹೊರಗಿನಿಂದ ಬಂದ ಬೆಳಕಿನಲ್ಲಿ ಒಂದಿಷ್ಟನ್ನು ತಿರುಗಿ ಕಳಿಸುತ್ತದೆ, ಅಷ್ಟೆ. ರಾತ್ರಿ ಟಾರ್ಚ್ ಇಲ್ಲದೆ ಹೋದರೆ ಏನೂ ಕಾಣುವುದಿಲ್ಲ.

ಮೊಬೈಲಿನ ಟಾರ್ಚ್ ಹಾಕಿ ನೋಡಬಹುದು. ಆದರೆ ಅದನ್ನು ಗಿಡದ ಹತ್ತಿರ ಒಯ್ಯಬೇಡಿ, ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿಯಿರಿ.

ಬರಿಗಣ್ಣಿಗೆ ಏನು ಕಾಣಬೇಕು

ಒಂದೊಂದು ಪಟ್ಟಿಯ ಉದ್ದ ಸಾಮಾನ್ಯವಾಗಿ ಒಂದೆರಡು ಸೆಂಟಿಮೀಟರ್ ಒಳಗೆ. ಅಗಲ ಕೆಲವು ಮಿಲಿಮೀಟರ್. ತುದಿಯತ್ತ ಎರಡಾಗಿ ಕವಲೊಡೆಯುತ್ತದೆ, ಆ ಕವಲು ಮತ್ತೆ ಎರಡಾಗುತ್ತದೆ. ಪಟ್ಟಿಗಳು ಒಂದರ ಮೇಲೊಂದು ಅಲ್ಪಸ್ವಲ್ಪ ಏರಿಕೊಂಡು ಅಂಗೈ ಅಗಲದ ಹಾಸಾಗಿ ಬೆಳೆಯುವುದುಂಟು. ಬಣ್ಣ ಎಳೆಯ ಹಳದಿ ಹಸಿರು. ಅಂಚು ನಯ, ಕೆಲವೆಡೆ ಅಲೆಯಲೆಯಾಗಿ ಏಳುತ್ತದೆ. ನಡುವೆ ದಪ್ಪ ನರ ಎದ್ದು ಕಾಣುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಅದರ ತೆಳುತನ. ಈರುಳ್ಳಿಯ ಪದರಗಳ ನಡುವೆ ಇರುವ ಪೊರೆಯನ್ನು ಬಿಡಿಸಿದ್ದೀರಲ್ವಾ, ಹತ್ತಿರ ಹತ್ತಿರ ಅಂಥದ್ದು. ಬೆರಳು ತಾಗಿಸಿದರೆ ಕೈಗೇ ಅಂಟಿಕೊಂಡು ಹರಿಯುತ್ತದೆ. ಆದ್ದರಿಂದ ಬೆರಳು ತಾಗಿಸಬೇಡಿ. ಕಿತ್ತು ಬಿಸಿಲಿಗೆ ಹಿಡಿದರೆ ನೋಡನೋಡುತ್ತಿದ್ದಂತೆ ಮುದುಡುತ್ತದೆ, ಮತ್ತೆ ಆ ಆಕಾರ ಬರುವುದಿಲ್ಲ.

ಲೆನ್ಸ್ ಹಿಡಿದು ನೋಡುವಾಗ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಲೆನ್ಸ್ ಒಂದು ಇರಲಿ. ಚಿನ್ನದ ಕೆಲಸದವರು ಬಳಸುವ ಲೂಪ್ ಆದರೂ ನಡೆಯುತ್ತದೆ. ಲೆನ್ಸನ್ನು ಕಣ್ಣಿಗೆ ಬಹುತೇಕ ತಾಗುವಷ್ಟು ಹತ್ತಿರ ಹಿಡಿದು, ಮುಖವನ್ನೇ ಗೋಡೆಯತ್ತ ಒಯ್ಯಬೇಕು. ಪೇಪರ್ ಓದುವಾಗ ಭೂತಗನ್ನಡಿ ಹಿಡಿದ ಹಾಗೆ ದೂರ ಹಿಡಿದರೆ ಮಸುಕು ಬಿಟ್ಟು ಬೇರೇನೂ ಕಾಣುವುದಿಲ್ಲ. ಲೆನ್ಸ್ ಇಲ್ಲದವರು ಮೊಬೈಲಿನ ಮ್ಯಾಕ್ರೋ ಬಳಸಿ.

ಈಗ ಪಟ್ಟಿಯ ಮೇಲ್ಮೈ ನೋಡಿ. ಬಲೆ ಕಾಣುತ್ತದೆ. ಸಣ್ಣ ಸಣ್ಣ ಮೂಲೆಗಳಿರುವ ಕಣ್ಣುಗಳ ಬಲೆ. ಒಂದೊಂದು ಕಣ್ಣೂ ಒಂದೊಂದು ಗಾಳಿಕೋಣೆ. ಬಲೆಯ ಗೆರೆಗಳು ಕೋಣೆ ಕೋಣೆಯ ನಡುವಿನ ಗೋಡೆಗಳು. ಕೋಣೆಯ ಮಾಡಿನಲ್ಲಿ ಒಂದು ಸಣ್ಣ ರಂಧ್ರ, ಅದರ ಸುತ್ತ ಉಂಗುರವಾಗಿ ಜೋಡಿಸಿದ ಜೀವಕೋಶಗಳು. ರಂಧ್ರ ನೋಡಲು ತಾಳ್ಮೆ ಬೇಕು. ಬೆಳಕನ್ನು ಪಕ್ಕದಿಂದ ಹಾಕಿದರೆ ಬೇಗ ಸಿಗುತ್ತದೆ.

ಮಾರ್ಕಾಂಶಿಯಾದಲ್ಲೂ ಗಾಳಿಕೋಣೆ ಇದೆ, ರಂಧ್ರ ಇದೆ. ಆದರೆ ಅದರ ಕೋಣೆಯೊಳಗೆ ನೆಲದಿಂದ ಎದ್ದ ಹಸಿರು ಎಳೆಗಳು ತುಂಬಿರುತ್ತವೆ. ಆಹಾರ ತಯಾರಾಗುವುದು ಅಲ್ಲಿ. ಸಯಾಥೋಡಿಯಂನ ಕೋಣೆ ಖಾಲಿ. ಹಸಿರಿನ ಕೆಲಸವೆಲ್ಲ ಮೇಲಿನ ಒಂದೇ ಪದರದ ಜೀವಕೋಶಗಳಲ್ಲೇ ನಡೆಯುತ್ತದೆ. ಕೆಳಗೆ ಇನ್ನೊಂದು ತೆಳು ಪದರ, ನಡುವೆ ಗಾಳಿ. ಆದ್ದರಿಂದಲೇ ಅದು ಇಷ್ಟು ಪಾರದರ್ಶಕ. ಬೆಳಕು ಕಡಿಮೆ ಇರುವ ಜಾಗದಲ್ಲಿ ದಪ್ಪ ಮೈ ಬೆಳೆಸಿ ಪ್ರಯೋಜನವಿಲ್ಲ. ಸಿಗುವ ಅಷ್ಟಿಷ್ಟು ಬೆಳಕು ಒಂದು ಪದರಕ್ಕೇ ಸಾಕಾಗುವುದು. ಪಟ್ಟಿಯೊಂದನ್ನು ಲೆನ್ಸಿನಲ್ಲಿ ಹೀಗೆ ನೋಡಿ, ಅದು ನಿಂತ ಜಾಗವನ್ನೂ ಒಮ್ಮೆ ನೋಡಿದರೆ, ಗಿಡ ಆ ಜಾಗಕ್ಕೇ ಅಳತೆ ಕೊಟ್ಟು ಮಾಡಿಸಿದಂತಿರುವುದು ಗೊತ್ತಾಗುತ್ತದೆ. ನನಗೆ ಈ ಗಿಡದ ಮೇಲೆ ಇಷ್ಟು ಪ್ರೀತಿ ಇರುವುದು ಇದಕ್ಕೇ.

ಅಡಿ ಭಾಗ ನೋಡಬೇಕಾದರೆ ಸೂಜಿಯಿಂದ ಒಂದೇ ಒಂದು ಪಟ್ಟಿಯ ತುದಿಯನ್ನು ಮೆಲ್ಲನೆ ಎತ್ತಿ. ಕಲ್ಲಿಗೆ ಹಿಡಿದುಕೊಳ್ಳುವ ಬಣ್ಣವಿಲ್ಲದ ಕೂದಲೆಳೆಗಳಿರುತ್ತವೆ. ಮಾರ್ಕಾಂಶಿಯಾದ ಅಡಿಯಲ್ಲಿ ಇರುವಂತೆ ಎದ್ದು ಕಾಣುವ ಹುರುಪೆಗಳ ಸಾಲು ಇರುವುದಿಲ್ಲ. ಇದ್ದರೂ ತೀರಾ ಚಿಕ್ಕವು.

ಸೋಣದ ಹೊತ್ತಿಗೆ ಹೋದವರು ಇದೇ ತುದಿಯ ಅಡಿಯಲ್ಲಿ ಇನ್ನೊಂದನ್ನು ಹುಡುಕಿ. ಪುಟ್ಟ ಚೀಲದಂಥ ಹೊದಿಕೆ, ಅದರೊಳಗೆ ಒಂದು ಕಪ್ಪು ಗುಂಡು. ಅದೇ ಬೀಜಕಣದ ಕಾಯಿ. ಮಾರ್ಕಾಂಶಿಯಾಕ್ಕೆ ಇರುವಂಥ ಎತ್ತರದ ಕಾಲು, ಅದರ ಮೇಲಿನ ಕೊಡೆ, ಯಾವುದೂ ಇದಕ್ಕಿಲ್ಲ. ಕಾಯಿಯ ತೊಟ್ಟು ಇದ್ದೂ ಇಲ್ಲದಷ್ಟು ಗಿಡ್ಡ. ಎಲ್ಲ ಪಟ್ಟಿಯ ಅಡಿಯಲ್ಲೇ ನಡೆದುಹೋಗುತ್ತದೆ. ಮೇಲಿನಿಂದ ಮಾತ್ರ ನೋಡುವವರಿಗೆ ಈ ಗಿಡ ಕಾಯಿ ಬಿಟ್ಟದ್ದೇ ತಿಳಿಯುವುದಿಲ್ಲ.

ಹೋಲುವ ಗಿಡಗಳು

ಹೊಸಬರಿಗೆ ಜಾಸ್ತಿ ಗೊಂದಲ ಮಾಡುವುದು ಜರಿಗಿಡದ ಮರಿ. ಜರಿಗಿಡದ ಬೀಜಕಣ ಮೊಳೆತಾಗ ಮೊದಲು ಬರುವುದು ಜರಿಯಲ್ಲ. ಹೃದಯದಾಕಾರದ ಪುಟ್ಟ ಹಸಿರು ತುಣುಕು. ಅದೂ ತೆಳು, ಅದೂ ಪಾರದರ್ಶಕ, ಬೆಳೆಯುವುದೂ ಅದೇ ಗೋಡೆಯಲ್ಲಿ, ಅಕ್ಕಪಕ್ಕದಲ್ಲೇ. ಬೇರೆ ಮಾಡುವುದು ಹೀಗೆ. ಜರಿಮರಿಗೆ ಮೇಲೆ ಒಂದು ತಗ್ಗು ಇರುತ್ತದೆ, ಅಲ್ಲಿಂದ ಎರಡು ರೆಕ್ಕೆ. ಅಷ್ಟಕ್ಕೇ ಮುಗಿಯಿತು, ಮತ್ತೆ ಮತ್ತೆ ಕವಲೊಡೆಯುವುದಿಲ್ಲ. ಲೆನ್ಸಿನಲ್ಲಿ ಗಾಳಿಕೋಣೆಯ ಬಲೆ ಇಲ್ಲ, ರಂಧ್ರ ಇಲ್ಲ. ಗುಂಪಿನಲ್ಲಿ ಕೆಲವದರ ತಗ್ಗಿನ ಹತ್ತಿರದಿಂದ ಮೊದಲ ಜರಿ ಎಲೆ ಏಳುತ್ತಿರುವುದೂ ಸಿಗುತ್ತದೆ. ಅದು ಕಂಡರೆ ಪ್ರಶ್ನೆಯೇ ಇಲ್ಲ.

ಎರಡನೆಯದು ಹಾರ್ನ್‌ವರ್ಟ್. ತೋಟದ ದಾರಿಯ ಬದಿ, ತೇವದ ಮಣ್ಣಿನ ದರೆಯಲ್ಲಿ ಬೆಳೆಯುತ್ತದೆ. ಬಣ್ಣ ಕಡು ಹಸಿರು, ಮೈ ಎಣ್ಣೆ ಸವರಿದಂತೆ ಜಿಡ್ಡು ಜಿಡ್ಡು. ಕಾಯಿ ಬಂದ ಮೇಲೆ ಗುರುತಿಸುವುದು ಬಹಳ ಸುಲಭ. ಪಟ್ಟಿಯಿಂದ ನೆಟ್ಟಗೆ ಸಣ್ಣ ಕೊಂಬುಗಳು ಎದ್ದು ನಿಲ್ಲುತ್ತವೆ. ಮಾಗಿದಾಗ ತುದಿಯಿಂದ ಎರಡಾಗಿ ಸೀಳುತ್ತವೆ.

ರಿಕ್ಸಿಯಾ ಬಿಸಿಲಿಗೆ ಹೆದರದ ಗಿಡ. ಎಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಕಟಾವಾದ ಮೇಲೆ ಗದ್ದೆಯ ತೇವದ ಮಣ್ಣಿನಲ್ಲಿ, ಅಂಗಳದ ಅಂಚಿನಲ್ಲಿ, ನಡೆದಾಡುವ ದಾರಿಯಲ್ಲೂ ವೃತ್ತಾಕಾರವಾಗಿ ಹರಡುತ್ತದೆ. ಪ್ರತಿ ಕವಲಿನ ನಡುವೆ ಉದ್ದಕ್ಕೆ ಒಂದು ಗೀರು. ಮೈ ತಿರುಳುತಿರುಳು. ಕಾಯಿ ಪಟ್ಟಿಯ ಒಳಗೇ ಹುದುಗಿರುತ್ತದೆ. ಬಯಲಿನಲ್ಲಿ ಸಿಕ್ಕಿದರೆ ರಿಕ್ಸಿಯಾ ಎಂದೇ ಮೊದಲು ಯೋಚಿಸಿ.

ಮಾರ್ಕಾಂಶಿಯಾ ದಪ್ಪ, ಚರ್ಮದಷ್ಟು ಗಟ್ಟಿ. ನಡುವೆ ಸ್ಪಷ್ಟ ನರ. ಮೇಲ್ಮೈಯಲ್ಲಿ ಪುಟ್ಟ ಬಟ್ಟಲುಗಳು, ಬಟ್ಟಲಿನೊಳಗೆ ಹಸಿರು ತುಣುಕುಗಳು. ಮಳೆಹನಿ ಬಿದ್ದಾಗ ಅವು ಸಿಡಿದು ಬೇರೆಡೆ ಬಿದ್ದು ಹೊಸ ಗಿಡವಾಗುತ್ತವೆ. ಸಯಾಥೋಡಿಯಂಗೆ ಇಂಥ ಬಟ್ಟಲು ಇಲ್ಲ. ಬಟ್ಟಲು ಕಂಡಿತೋ, ಅಲ್ಲಿಗೆ ಹುಡುಕಾಟ ನಿಲ್ಲಿಸಬಹುದು. ಆಗುಂಬೆ ಘಾಟಿಯಂಥ ಕಡೆ ಹರಿಯುವ ನೀರಿನ ಬದಿಯ ಬಂಡೆಯಲ್ಲಿ ಕಡು ಹಸಿರಿನ, ಉದ್ದುದ್ದ, ರಂಧ್ರವಿಲ್ಲದ ಪಟ್ಟಿಗಳು ಸಿಕ್ಕಿದರೆ ಅದು ಡುಮೋರ್ಟಿಯೆರಾ ಆಗಿರಬಹುದು. ಅದರ ಗಾತ್ರವೇ ಬೇರೆ, ಗೊಂದಲ ಆಗುವುದಿಲ್ಲ.

ಅಂಗಳದಲ್ಲಿ ಮಳೆಗಾಲದಲ್ಲಿ ಕಾಲು ಜಾರಿಸುವ ಕಂದು ಹಸಿರು ಲೋಳೆ ನಾಸ್ಟಾಕ್. ಅದು ಗಿಡವೇ ಅಲ್ಲ, ನೀಲಿ ಹಸಿರು ಬ್ಯಾಕ್ಟೀರಿಯಾ. ತೆಂಗು, ಅಡಿಕೆಯ ಕಾಂಡಕ್ಕೆ ಅಂಟಿಕೊಂಡ ಸಣ್ಣೆಲೆಯ ಹಸಿರು ಜಾಲಗಳಲ್ಲಿ ಎಲೆಯಿರುವ ಲಿವರ್‌ವರ್ಟ್‌ಗಳು ಸಾಕಷ್ಟಿವೆ. ಅವುಗಳಿಗೆ ಬೇರೆಯೇ ಲೇಖನ ಬೇಕು.

ಇಷ್ಟೂ ದಾಟಿ ಬಂದ ಮೇಲೆ ಸಯಾಥೋಡಿಯಂ ಎಂದು ಧೈರ್ಯವಾಗಿ ಹೇಳಬಹುದು. ಯಾವ ಜಾತಿಯ ಸಯಾಥೋಡಿಯಂ ಎಂದು ಹೇಳಲು ಮಾತ್ರ ಲೆನ್ಸ್ ಸಾಲದು. ಬೀಜಕಣದ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮನೆಯಲ್ಲಿ ಅದು ಆಗದ ಕೆಲಸವಾದರೆ ಕುಲದ ಹೆಸರಿಗೇ ನಿಲ್ಲಿಸಿ. ಅಂದಾಜಿಗೆ ಜಾತಿಯ ಹೆಸರು ಬರೆಯುವುದಕ್ಕಿಂತ ಅದು ಎಷ್ಟೋ ಮೇಲು. ಸೂಕ್ಷ್ಮದರ್ಶಕ ಇರುವ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ ಹತ್ತಿರದಲ್ಲಿದ್ದರೆ ಮಾಗಿದ ಕಾಯಿ ಇರುವ ಒಂದು ಪಟ್ಟಿಯನ್ನು ಒಯ್ದು ಕೇಳಿ.

ದಾಖಲೆ

ಒಂದು ಫೋಟೋ ಸಾಕಾಗುವುದಿಲ್ಲ. ದೂರದಿಂದ ಇಡೀ ಗೋಡೆ ಕಾಣುವಂಥದ್ದು ಒಂದು. ಪಕ್ಕದಲ್ಲಿ ಸ್ಕೇಲ್ ಇಟ್ಟು ಹಾಸಿನದ್ದೊಂದು. ಲೆನ್ಸಿನ ಮೂಲಕ ಬಲೆ, ರಂಧ್ರ ಕಾಣುವಂಥದ್ದು ಒಂದು. ಸಾಧ್ಯವಾದರೆ ಅಡಿ ಭಾಗದ್ದು. ಲೆನ್ಸನ್ನು ಮೊಬೈಲಿನ ಕ್ಯಾಮೆರಾಕ್ಕೆ ಒತ್ತಿ ಹಿಡಿದರೆ ಚೆನ್ನಾಗಿಯೇ ಬರುತ್ತದೆ. ಫ್ಲ್ಯಾಶ್ ಬೇಡ. ನೀರಿನ ಪಸೆಯ ಮೇಲೆ ಬಿದ್ದು ಎಲ್ಲ ಬೆಳ್ಳಗಾಗುತ್ತದೆ.

ಜೊತೆಗೆ ನಾಲ್ಕು ಸಾಲು ಬರೆಯಿರಿ. ದಿನಾಂಕ, ಊರು, ಯಾವುದರ ಮೇಲೆ ಬೆಳೆದಿದೆ, ಮುರವೋ ಮಣ್ಣೋ ಸಿಮೆಂಟೋ, ಗೋಡೆ ಯಾವ ದಿಕ್ಕಿಗಿದೆ, ನೆಲದಿಂದ ಎಷ್ಟು ಎತ್ತರ, ಅಕ್ಕಪಕ್ಕ ಏನೇನಿದೆ. ಈ ಸಾಲುಗಳಿಲ್ಲದ ಫೋಟೋ ಮುಂದೆ ಯಾರಿಗೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಐನ್ಯಾಚುರಲಿಸ್ಟ್ ತಾಣಕ್ಕೆ ಹಾಕಿದರೆ ತಿಳಿದವರು ನೋಡಿ ಹೇಳುತ್ತಾರೆ. ಯಾರದ್ದಾದರೂ ಮನೆಯ ಬಾವಿ ಆಗಿದ್ದರೆ ಜಾಗವನ್ನು ಮಸುಕಾಗಿಸುವ ಆಯ್ಕೆ ಅಲ್ಲಿದೆ, ಅದನ್ನು ಒತ್ತಿ.

ಕಿತ್ತು ತರುವ ಅಗತ್ಯ ನಿಜಕ್ಕೂ ಇದೆಯೇ ಎಂದು ಒಮ್ಮೆ ಯೋಚಿಸಿ. ತರುವುದೇ ಆದರೆ ಹೆಬ್ಬೆರಳಿನ ಉಗುರಿನಷ್ಟು ಸಾಕು, ಅದೂ ದೊಡ್ಡ ಹಾಸಿನ ಅಂಚಿನಿಂದ. ಕೈಯಲ್ಲಿ ಕೀಳಬೇಡಿ. ಚಾಕುವಿನ ತುದಿಯಿಂದ ಅಡಿಯ ಮಣ್ಣಿನ ಪದರ ಸಮೇತ ಎತ್ತಿ, ಒದ್ದೆ ಹತ್ತಿ ಹಾಸಿದ ಮುಚ್ಚಳದ ಡಬ್ಬಿಯಲ್ಲಿಡಿ. ಒಂದೆರಡು ದಿನ ಚೆನ್ನಾಗಿರುತ್ತದೆ. ನೋಡಿ ಮುಗಿದ ಮೇಲೆ ಪೇಪರಿನ ಪೊಟ್ಟಣದಲ್ಲಿ ಒಣಗಿಸಿ, ಮೇಲೆ ವಿವರ ಬರೆದಿಟ್ಟುಕೊಳ್ಳಿ. ಒಣಗಿದ್ದು ಮುದುಡುತ್ತದೆ, ಬೀಜಕಣಗಳು ಮಾತ್ರ ಹಾಗೇ ಇರುತ್ತವೆ. ಸೋಮೇಶ್ವರದಂಥ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಕೀಳುವ ಹಾಗಿಲ್ಲ, ಅದು ಪಾಚಿಯಾದರೂ ಸರಿ.

ನಿಮ್ಮ ಗೋಡೆಯಲ್ಲೇ ಇದ್ದರೆ

ಚೌತಿ ಹತ್ತಿರ ಬಂತೆಂದರೆ ನಮ್ಮಲ್ಲಿ ಅಂಗಳ, ಮೆಟ್ಟಿಲು ಉಜ್ಜುವ ಕೆಲಸ ಶುರುವಾಗುತ್ತದೆ. ಬ್ಲೀಚಿಂಗ್ ಪುಡಿ, ಸುಣ್ಣ, ಈಗೀಗ ನೀರು ಚಿಮ್ಮಿಸುವ ಯಂತ್ರ. ನಡೆದಾಡುವ ಜಾಗವನ್ನು ಉಜ್ಜಲೇಬೇಕು, ವಯಸ್ಸಾದವರು ಜಾರಿ ಬೀಳಬಾರದಲ್ವಾ. ಆದರೆ ಬಾವಿಯ ಒಳಗೋಡೆಯಲ್ಲಿ, ಪಾಗಾರದ ಹಿಂಬದಿಯ ನೆರಳಿನಲ್ಲಿ ಯಾರೂ ಕಾಲಿಡುವುದಿಲ್ಲ. ಅಲ್ಲಿನ ಹಸಿರಿನಿಂದ ಯಾರಿಗೂ ತೊಂದರೆ ಇಲ್ಲ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಮುರಕಲ್ಲಿಗೆ ಸಿಮೆಂಟ್ ಮೆತ್ತಿ ಪೇಂಟ್ ಬಳಿದರೆ ತೂತುಗಳು ಮುಚ್ಚಿಹೋಗುತ್ತವೆ, ತೇವ ನಿಲ್ಲುವುದಿಲ್ಲ. ಸಯಾಥೋಡಿಯಂ ಮತ್ತೆ ಅಲ್ಲಿಗೆ ಬರುವುದು ಕಷ್ಟ. ಹಳೆಯ ಪಾಗಾರ ಗಟ್ಟಿಯಿದ್ದರೆ ಕಲ್ಲನ್ನು ಕಲ್ಲಾಗಿಯೇ ಉಳಿಸಿಕೊಳ್ಳುವುದು ಒಳ್ಳೆಯದು.

ತುಳಸಿಕಟ್ಟೆಯ ದೀಪ ಹಚ್ಚುವ ದಿನಗಳಿಗೆ, ಅಂದರೆ ನವೆಂಬರ್ ಬರುವಷ್ಟರಲ್ಲಿ, ಗೋಡೆ ಒಣಗಿ ಪಟ್ಟಿಗಳು ಮಾಯವಾಗಿರುತ್ತವೆ. ಸತ್ತಿತು ಅಂದುಕೊಂಡು ಆ ಜಾಗ ಕೆರೆಯಬೇಡಿ. ಬೀಜಕಣಗಳು ಆ ಒಂದಿಷ್ಟು ಕೆಂಪು ಮಣ್ಣಿನಲ್ಲೇ ಇರುತ್ತವೆ. ಮಳೆಗಾಲದಲ್ಲಿ ಗಿಡ ಎಲ್ಲಿತ್ತೆಂದು ಗುರುತಿಗೆ ಪಕ್ಕದ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದರೆ ಮಳೆಗೆ ಹೋಗುತ್ತದೆ. ಫೋಟೋದಲ್ಲಿ ಕಲ್ಲುಗಳನ್ನು ಬುಡದಿಂದ ಎಣಿಸಿ ಇಷ್ಟನೆಯ ಸಾಲು, ಇಷ್ಟನೆಯ ಕಲ್ಲು ಎಂದು ಬರೆದಿಟ್ಟುಕೊಳ್ಳಿ. ಜೂನ್ ಕೊನೆಗೆ ಅದೇ ಕಲ್ಲಿನಿಂದ ಹುಡುಕಲು ಶುರು ಮಾಡಬಹುದು.